ಕುಂಟಿದ್ದು ಯಾವ ಕಾಲು?

ನಮ್ಮ ಮಡಕಶಿರಾ ಸೀಮೆಯಲ್ಲಿ ಎತ್ತು ಕುಂಟಿದರೆ ಮದ್ದು ಹೇಳುವವರು ನೂರು ಮಂದಿ. ಕುದುರೆ ಕುಂಟಿದರೆ ಇನ್ನೂರು ಮಂದಿ. ಎತ್ತು ಎಲ್ಲರ ಮನೆಯಲ್ಲೂ ಇದ್ದದ್ದರಿಂದ ಸ್ವಲ್ಪ ಯೋಚನೆ ಮಾಡಿ ಹೇಳುತ್ತಾರೆ. ಕುದುರೆ ಯಾರ ಮನೆಯಲ್ಲೂ ಇಲ್ಲದ್ದರಿಂದ ಬಲು ಧೈರ್ಯವಾಗಿ ಹೇಳುತ್ತಾರೆ. ಎರಡು ವರ್ಷ ಆ ಇನ್ನೂರು ಮಂದಿಯ ಮಾತು ಕೇಳಿದವನು ನಾನು. ತಪ್ಪು ಅವರದಷ್ಟೇ ಅಲ್ಲ, ನನ್ನದೂ ಇತ್ತು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಮ್ಮಪ್ಪ ತಟ್ಟುಕುದುರೆಯ ಮೇಲೆ ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಗೆ ಹೋಗಿ ಬರುತ್ತಿದ್ದವರು. ಅವರು ಜೀನು ಬಿಗಿಯುವುದನ್ನು ಬಾಗಿಲ ಕಂಬ ಹಿಡಿದುಕೊಂಡು ನೋಡಿದ ಹುಡುಗನಿಗೆ ಐವತ್ತು ಸಮೀಪಿಸಿದರೂ ಆಸೆ ಹೋಗಿರಲಿಲ್ಲ. ಹೊಲದ ಒಂದು ತುಂಡು ಊರ ಹತ್ತಿರ, ಇನ್ನೊಂದು ಅಗಳಿ ಕಡೆ ಬಂಡೆಗಳ ಆಚೆ. "ಬೈಕು ಐತಲ್ಲ, ಕುದುರೆ ಯಾತಕ್ಕೆ?" ಎಂದು ಮನೆಯಾಕೆ ಕೇಳಿದಳು. ಉತ್ತರ ಇರಲಿಲ್ಲ. 2016ರ ಸಂಕ್ರಾಂತಿ ಕಳೆದ ಮೇಲೆ, ಕಡಲೆಕಾಯಿ ಮಾರಿದ ದುಡ್ಡು ಕೈಯಲ್ಲಿದ್ದಾಗ, ದೂರದ ಒಂದು ಜಾತ್ರೆಗೆ ಹೋಗಿ ಕಂದು ಬಣ್ಣದ ಹೆಣ್ಣುಕುದುರೆಯೊಂದನ್ನು ತಂದೆ. ಹಣೆಯಲ್ಲಿ ಮಲ್ಲಿಗೆ ಮೊಗ್ಗಿನಷ್ಟು ಬಿಳಿ ಚುಕ್ಕೆ. ಹೆಸರು ಮಲ್ಲಿ ಎಂದಾಯಿತು.

ಕೊಳ್ಳುವಾಗ ಹಲ್ಲು ನೋಡಿದೆ, ಸುಳಿ ನೋಡಿದೆ, ಕಣ್ಣು ನೋಡಿದೆ. ಎಂಟು ವರ್ಷದ ಪ್ರಾಣಿ. ನಾನು ಹೋದಾಗ ಅವಳು ಆಗಲೇ ಬೆವರಿನಲ್ಲಿ ಮಿನುಗುತ್ತಿದ್ದಳು. ವ್ಯಾಪಾರಿ ಎರಡು ಸುತ್ತು ಓಡಿಸಿ ತೋರಿಸಿದ. ಹುರುಪಿನ ಕುದುರೆ ಎಂದುಕೊಂಡೆ. ನಾನು ಬರುವ ಮುಂಚೆಯೇ ಅದನ್ನು ಯಾಕೆ ಅಷ್ಟು ಓಡಿಸಿದ್ದರು ಎಂದು ಕೇಳಬೇಕಿತ್ತು. ದನದ ಸಂತೆಯಲ್ಲಿ ಹತ್ತು ಪ್ರಶ್ನೆ ಕೇಳುವ ನಾನು ಅಲ್ಲಿ ಒಂದನ್ನೂ ಕೇಳಲಿಲ್ಲ.

ಮೊದಲ ತಿಂಗಳು ಚೆನ್ನಾಗಿತ್ತು. ಆಮೇಲೆ ಸಣ್ಣಪುಟ್ಟವು ಕಾಣತೊಡಗಿದವು. ಬೆಳಿಗ್ಗೆ ಕೊಟ್ಟಿಗೆಯಿಂದ ಬಿಟ್ಟಾಗ ಹತ್ತಿಪ್ಪತ್ತು ಹೆಜ್ಜೆ ಹಿಂದೆ ಬಿಗಿದುಕೊಂಡು ನಡೆಯುವುದು, ಕಾಲು ಫರ್ಲಾಂಗು ಹೋದ ಮೇಲೆ ಸರಿಯಾಗುವುದು. ಲಾಳ ಕಟ್ಟುವ ಸಾಬರು ಹಿಂಗಾಲು ಎತ್ತಿ ಹಿಡಿದರೆ ಕಿತ್ತುಕೊಳ್ಳುವುದು. ಇಳಿಜಾರಿನಲ್ಲಿ ಅಡ್ಡಡ್ಡ ಹೆಜ್ಜೆ ಇಡುವುದು. ಒಂದು ದಿನ ಎಡಗಾಲು ಎನ್ನಿಸಿದರೆ ಇನ್ನೊಂದು ದಿನ ಬಲಗಾಲು. ಎಲ್ಲೂ ಊತ ಇಲ್ಲ, ಗಾಯ ಇಲ್ಲ, ಮುಟ್ಟಿದರೆ ಬಿಸಿಯೂ ಇಲ್ಲ.

ಮನೆಯಾಕೆ ಒಂದು ಮಾತು ಹೇಳಿದ್ದಳು. "ನಿಮ್ಮ ಕುದುರೆ ಸಾರಿಸಿದ ಅಂಗಳನೆಲ್ಲ ಗೀರಿ ಹಾಳು ಮಾಡ್ತೈತೆ, ನೋಡ್ರಿ." ಹಸಿ ಸಗಣಿಯ ಮೇಲೆ ಹೆಜ್ಜೆ ಹೆಜ್ಜೆಗೂ ನೇಗಿಲಗೆರೆಯಂತೆ ಗೀರುಗಳು. ನೋಡಿದೆ, ನಕ್ಕೆ, ಮರೆತೆ.

ಆ ವರ್ಷದ ದೀಪಾವಳಿ ಹೊತ್ತಿನಲ್ಲಿ ಅಗಳಿ ಕಡೆಯಿಂದ ಬರುವಾಗ ಕತ್ತಲಾಗುತ್ತಿತ್ತು. ಬಂಡೆಯ ಇಳಿಜಾರಿನ ತಲೆಯಲ್ಲಿ ಮಲ್ಲಿ ನಿಂತುಬಿಟ್ಟಳು. ಹಿಮ್ಮಡಿಯಲ್ಲಿ ಒತ್ತಿದೆ, ಬೈದೆ, ಕೊನೆಗೆ ಬೇವಿನ ಬರಲು ಕಿತ್ತು ನಾಲ್ಕು ಹೊಡೆದೆ. ಮೈಯೆಲ್ಲ ನಡುಗಿಸಿಕೊಂಡು ಏಡಿಯ ಹಾಗೆ ಅಡ್ಡಕ್ಕೆ ಇಳಿದಳು. ಆ ರಾತ್ರಿ ನನಗೆ ಬಂದ ಕೋಪ ಪದ್ಯವಾಯಿತು. ಹಟಮಾರಿ ಕುದುರೆ, ಬಡಪಾಯಿ ಸವಾರ, ಇಂಥದೊಂದು ಹಾಸ್ಯ. ಕನ್ನಡದಲ್ಲೂ ತೆಲುಗಿನಲ್ಲೂ ಬರೆದೆ. ಎರಡು ಕವಿಗೋಷ್ಠಿಗಳಲ್ಲಿ ಓದಿದೆ, ಎರಡು ಕಡೆಯೂ ಜನ ಬಿದ್ದು ಬಿದ್ದು ನಕ್ಕರು.

ಅಷ್ಟರಲ್ಲಿ ಕುಂಟು ಎಲ್ಲರಿಗೂ ಕಾಣುವಷ್ಟಾಯಿತು. ಸಲಹೆಗಾರರು ಬರತೊಡಗಿದರು. ಒಬ್ಬರು ಗೊರಸಿನಲ್ಲಿ ಕಲ್ಲು ಎಂದರು. ಲಾಳ ಬಿಚ್ಚಿಸಿ ನೋಡಿದೆವು, ಕಲ್ಲೂ ಇಲ್ಲ ಕೀವೂ ಇಲ್ಲ. ಇದನ್ನು ಮೊದಲು ನೋಡಿದ್ದು ಮಾತ್ರ ಸರಿಯಾದ ಕೆಲಸ. ಕುದುರೆ ಇದ್ದಕ್ಕಿದ್ದಂತೆ ಕಾಲೂರದಷ್ಟು ಕುಂಟಿದರೆ ಬಹಳ ಸಲ ಗೊರಸಿನೊಳಗಿನ ಕೀವೇ ಕಾರಣವಾಗಿರುತ್ತದೆ. ಹುಣಸೆ ಎಲೆ ಬೇಯಿಸಿ ಕಟ್ಟಿದೆವು, ಹರಳೆಲೆ ಕಾಯಿಸಿ ಶಾಖ ಕೊಟ್ಟೆವು. ಇನ್ನೊಬ್ಬರು ಓಡಿಸಿ ನೋಡಿ, "ಹಿಂಗಾಲಲ್ಲ ಕಣಪ್ಪ, ಎಡ ಮುಂಗಾಲು, ತಲೆ ಹೆಂಗೆ ಆಡಿಸ್ತೈತೆ ನೋಡು" ಎಂದರು. ನೋಡಿದರೆ ಹೌದು, ಎಡ ಮುಂಗಾಲು ಬಿದ್ದಾಗ ತಲೆ ಮೇಲೇಳುತ್ತಿತ್ತು! ಒಂದು ತಿಂಗಳು ಮುಂಗಾಲಿಗೆ ಎಣ್ಣೆ ತಿಕ್ಕಿದೆ.

ಎರಡು ಭಾಷೆಯ ಊರಿನ ಒಂದು ಫಜೀತಿಯನ್ನೂ ಹೇಳಬೇಕು. ಕನ್ನಡದ ಹಿರಿಯರೊಬ್ಬರು ಅವಳನ್ನು ನೋಡಿ "ಇದು ವಾತ" ಎಂದರು. ಪಕ್ಕದಲ್ಲಿದ್ದ ತೆಲುಗಿನ ಯಜಮಾನರು "ಅವುನು, ವಾತೇ" ಎಂದು ಒಪ್ಪಿದರು. ಇಬ್ಬರೂ ಒಮ್ಮತಕ್ಕೆ ಬಂದರಲ್ಲ ಎಂದು ನಾನು ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ತೆಲುಗಿನವರು ಕೆಂಡದಲ್ಲಿ ಕಬ್ಬಿಣ ಕಾಯಿಸುತ್ತಿದ್ದರು. ನಮಗೆ ವಾತ ಎಂದರೆ ವಾಯು, ಕೀಲುನೋವು. ಅವರಿಗೆ ವಾತ ಎಂದರೆ ಬರೆ. ಕುಡುಗೋಲಿನ ತುದಿ ಕೆಂಪಗಾಗಿತ್ತು. ಭಾಷೆ ಗೊತ್ತಿದ್ದದ್ದು ನನಗೆ ಜೀವಮಾನದಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಬರೆಯ ಉರಿಗೆ ಪ್ರಾಣಿ ಒಳಗಿನ ನೋವನ್ನು ಮರೆತಂತೆ ಕಾಣಬಹುದು, ಗುಣವಾಗುವುದಿಲ್ಲ. ಚರ್ಮ ಸುಟ್ಟು ಹುಣ್ಣಾಗುವುದೇ ಲಾಭ.

ಕೊನೆಗೆ ಪಟ್ಟಣದ ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ. ದಿನಕ್ಕೆ ನೂರು ಎಮ್ಮೆ, ಹಸು, ಕುರಿ ನೋಡುವವರಿಗೆ ಕುದುರೆ ಬರುವುದು ವರ್ಷಕ್ಕೊಂದು. "ಎನ್ನಿ ರೋಜುಲಯಿಂದಿ?" ಎಂದು ಕೇಳಿ, ಗೊರಸು ಮತ್ತು ಅದರ ಮೇಲಿನ ಗೆಣ್ಣಿನ ಎಕ್ಸ್‌ರೇ ತೆಗೆಸಲು ಹೇಳಿದರು. ಎಕ್ಸ್‌ರೇ ಶುಭ್ರವಾಗಿತ್ತು. "ಎರಡು ತಿಂಗಳು ಕಟ್ಟಿಹಾಕಿ, ವಿಶ್ರಾಂತಿ ಕೊಡಿ" ಎಂದರು. ಕಟ್ಟಿಹಾಕಿದೆ, ಹುರುಳಿ ಬೇಯಿಸಿ ಹಾಕಿದೆ. ಎರಡು ತಿಂಗಳಿಗೆ ಹೊಟ್ಟೆ ದುಂಡಗಾಯಿತು, ಹಿಂಭಾಗದ ಮಾಂಸ ಇಳಿಯಿತು, ಬಿಗಿತ ಹೆಚ್ಚಾಯಿತು. ನೋವಿರುವ ಪ್ರಾಣಿಗೆ ಕೆಲಸವಿಲ್ಲದೆ ತಿನ್ನಿಸುವುದು ಪ್ರೀತಿಯಲ್ಲ ಎಂದು ಆಮೇಲೆ ತಿಳಿಯಿತು. ಮೈಭಾರವೆಲ್ಲ ಅದೇ ಕೀಲುಗಳ ಮೇಲೆ ಕೂರುತ್ತದೆ.

ಇನ್ನು ನನ್ನ ಕಥೆಯ ಕೆಟ್ಟ ಭಾಗ. 2017ರ ಬೇಸಿಗೆ. ಖರ್ಚು ಮಿತಿಮೀರಿತ್ತು. ಒಬ್ಬ ದಳ್ಳಾಳಿ ಬಂದ. "ಯಾಕಣ್ಣ ತಲೆ ಕೆಡಿಸ್ಕೊಂತೀಯ? ನಾಳಿದ್ದು ಮದುವೆ ಮೆರವಣಿಗೆ ಕುದುರೆ ಬೇಕು ಅಂತ ಒಬ್ಬ ಬತ್ತಾನೆ. ಬೆಳಿಗ್ಗೆ ಒಂದು ಸೂಜಿ ಹಾಕಾನ, ಚೆನ್ನಾಗಿ ಓಡಾಡಿಸಾನ. ನಿನಗೆ ಹೆಂಗೆ ಬಂತೋ ಹಂಗೇ ಹೋಗ್ಲಿ."

ಕೊನೆಯ ಮಾತು ನನಗೆ ನಾಟಿತು. ನನಗೂ ಹಾಗೇ ಬಂದಿತ್ತೇ? ಆ ಬೆವರು ನೆನಪಾಯಿತು. ಆದರೂ ಬೇಡ ಎನ್ನಲಿಲ್ಲ, ಅದು ನಿಜ. ನೋಡೋಣ ಎಂದು ಒಂದು ದಿನ ಮುಂಚೆ ಅವನೇ ಔಷಧಿ ಅಂಗಡಿಯಿಂದ ತಂದ ಸೂಜಿ ಹಾಕಿದ. ಡೈಕ್ಲೋಫೆನಾಕ್. ಮನುಷ್ಯರ ಔಷಧ. ಅದನ್ನು ತಿಂದ ದನದ ಹೆಣ ತಿಂದರೆ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆಂದು 2006ರಲ್ಲೇ ಪಶುಗಳಿಗೆ ಕೊಡಬಾರದೆಂದು ಸರಕಾರ ನಿಷೇಧಿಸಿದ್ದು ನನಗೆ ಆಗ ಗೊತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಮಲ್ಲಿ ಬೇರೆ ಕುದುರೆಯಾಗಿದ್ದಳು. ಬಿಟ್ಟ ತಕ್ಷಣ ಹೊಲದ ಬದುವಿನ ಮೇಲೆ ಓಡಿದಳು. ಅಂಗಳದಲ್ಲಿ ಒಂದು ಗೀರು ಇಲ್ಲ. ಇಳಿಜಾರಿನಲ್ಲಿ ನೆಟ್ಟಗೆ ಇಳಿದಳು, ನಾನು ಹೊಡೆದ ಅದೇ ಬಂಡೆಯಲ್ಲಿ. ದಳ್ಳಾಳಿ "ನೋಡಿದ್ಯಾ?" ಎಂದು ನಗುತ್ತಿದ್ದ. ನನಗೆ ಕಾಲು ನಡುಗಿತು. ಹಟಕ್ಕೆ ನೋವಿನ ಸೂಜಿ ನಾಟುವುದಿಲ್ಲ. ಹಟವಾಗಿದ್ದರೆ ಸೂಜಿ ಹಾಕಿದ ಮೇಲೂ ಬಂಡೆಯ ತಲೆಯಲ್ಲಿ ನಿಲ್ಲಬೇಕಿತ್ತು. ಅವಳು ಒಂದು ವರ್ಷದಿಂದ ನೋಯುತ್ತಿದೆ ಎಂದು ಹೇಳುತ್ತಿದ್ದಳು. ನಾನು ಅದಕ್ಕೆ ಬರಲಿನಲ್ಲಿ ಉತ್ತರ ಕೊಟ್ಟು, ಮೇಲೆ ಪದ್ಯ ಬರೆದು ಜನರನ್ನು ನಗಿಸಿದ್ದೆ. ಮಾರನೆಯ ದಿನ ಕೊಳ್ಳುವವನು ಬರುವುದು ಬೇಡವೆಂದು ಹೇಳಿಕಳಿಸಿದೆ. ದಳ್ಳಾಳಿ ಈಗಲೂ ನನ್ನನ್ನು ಮಾತಾಡಿಸುವುದಿಲ್ಲ. ಆ ಪದ್ಯವನ್ನು ನಾನು ಎಲ್ಲೂ ಓದುವುದಿಲ್ಲ.

ಮುಂಗಾರಿಗೆ ಮುಂಚೆ ಬಾಡಿಗೆ ಲಾರಿಯಲ್ಲಿ ಮರಳು ಹಾಸಿ, ಅವಳನ್ನು ನಿಲ್ಲಿಸಿಕೊಂಡು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋದೆ. ಆಂಧ್ರದ ಕುದುರೆ ಎಂದು ಏನಾದರೂ ಅಂದಾರೇ ಎಂಬ ಅಳುಕಿತ್ತು. ಕನ್ನಡದಲ್ಲೇ ಮಾತಾಡಿಸಿದರು. ಅಲ್ಲಿ ಒಂದು ದಿನದಲ್ಲಿ ನೋಡಿ ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎತ್ತು ಇಟ್ಟವರಿಗೂ ಉಪಯೋಗಕ್ಕೆ ಬರುವ ವಿಷಯ.

ಡಾಕ್ಟರಮ್ಮ ಮೊದಲು ಕಾಲು ಮುಟ್ಟಲೇ ಇಲ್ಲ. "ಯಜಮಾನ್ರೇ, ಲಾರಿಯಿಂದ ಇಳಿಸಿದ ಹಾಗೇ ನಡೆಸಿ, ಬಿಸಿಯಾಗೋದು ಬೇಡ" ಎಂದರು. ಗಟ್ಟಿ ನೆಲದ ಮೇಲೆ ಸಡಿಲ ಹಗ್ಗದಲ್ಲಿ ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ. ಸೊಂಟದ ಎರಡು ಮೂಳೆಗಳ ಮೇಲೂ ಬಿಳಿ ಪಟ್ಟಿ ಅಂಟಿಸಿ ಹಿಂದೆ ನಿಂತು ನೋಡಿದರು. ಹಿಂಗಾಲು ನೋಯುವ ಕುದುರೆಯಲ್ಲಿ ನೋವಿನ ಕಡೆಯ ಸೊಂಟ ಇನ್ನೊಂದಕ್ಕಿಂತ ಹೆಚ್ಚು ಮೇಲೆ ಕೆಳಗೆ ಆಡುತ್ತದೆ. ಪಟ್ಟಿ ಅಂಟಿಸಿದರೆ ನಮ್ಮಂಥವರ ಕಣ್ಣಿಗೂ ಕಾಣುತ್ತದೆ. ಎಡಗಡೆಯ ಪಟ್ಟಿ ಜಿಗಿಯುತ್ತಿತ್ತು.

"ಮುಂಗಾಲು ಅಂದಿದ್ರು ಮೇಡಂ, ತಲೆ ಆಡಿಸ್ತೈತೆ" ಎಂದೆ. ಅವರು ವಿವರಿಸಿದರು. ಮುಂಗಾಲು ನೋಯುವ ಕುದುರೆ ಆ ಕಾಲು ನೆಲಕ್ಕೆ ಬಿದ್ದಾಗ ತಲೆ ಮೇಲೆತ್ತುತ್ತದೆ. ಹಿಂಗಾಲು ನೋಯುವುದು ಆ ಕಾಲು ಬಿದ್ದಾಗ ಭಾರವನ್ನು ಮುಂದಕ್ಕೆ ಹಾಕಲು ತಲೆ ತಗ್ಗಿಸುತ್ತದೆ. ಕುಕ್ಕುಲೋಟದಲ್ಲಿ ಎಡ ಹಿಂಗಾಲಿನ ಜೊತೆಗೆ ಬೀಳುವುದು ಬಲ ಮುಂಗಾಲು. ಆಗ ತಲೆ ಕೆಳಗೆ, ಮರುಹೆಜ್ಜೆಗೆ ಎಡ ಮುಂಗಾಲು ಬೀಳುವಾಗ ತಲೆ ಮೇಲೆ. ನೋಡುವವನಿಗೆ ಎಡ ಮುಂಗಾಲೇ ಕುಂಟಿದಂತೆ. ನಾನು ತಿಂಗಳು ತಿಕ್ಕಿದ ಎಣ್ಣೆಯ ಲೆಕ್ಕ ಅಲ್ಲಿ ಸಿಕ್ಕಿತು.

ಆಮೇಲೆ ಹಿಂಗಾಲನ್ನು ಎತ್ತಿ ಒಂದು ನಿಮಿಷ ಮಡಚಿ ಹಿಡಿದು, ಬಿಟ್ಟ ಕೂಡಲೇ ಓಡಿಸಿದರು. ಮೊದಲ ಎಂಟು ಹೆಜ್ಜೆ ಮೂರು ಕಾಲಿನ ಪ್ರಾಣಿಯ ಹಾಗೆ ಹೋದಳು. ಹಾಗಾದರೆ ಮಡಚುವ ಕೀಲಿನಲ್ಲೇ ಇದೆ. ಯಾವ ಕೀಲು? ಇಲ್ಲೇ ತೊಡಕು. ಕುದುರೆಯ ಹಿಂಗಾಲಿನಲ್ಲಿ, ಹೊಟ್ಟೆಯ ಪಕ್ಕಕ್ಕಿರುವುದು ಮಂಡಿ. ಕೆಳಗೆ ಹಿಂದಕ್ಕೆ ಚಾಚಿಕೊಂಡಿರುವ ದೊಡ್ಡ ಗೆಣ್ಣು ನಮ್ಮ ಹಿಮ್ಮಡಿಯ ಜಾಗ. ಇವೆರಡನ್ನೂ ಹಗ್ಗದಂಥ ನರಗಟ್ಟುಗಳು ಜೋಡಿಸಿವೆ. ಒಂದನ್ನು ಮಡಚಿದರೆ ಇನ್ನೊಂದು ಮಡಚಲೇಬೇಕು. ಹೀಗಾಗಿ ಮಡಚಿ ನೋಡುವುದರಿಂದ ಮಾತ್ರ ಮಂಡಿಯೋ ಗೆಣ್ಣೋ ಹೇಳಲಾಗುವುದಿಲ್ಲ. ಮೇಲೆ ದಪ್ಪ ಮಾಂಸ ಮುಚ್ಚಿರುವುದರಿಂದ ಸೊಂಟದ ನೋವೂ ಕೈಗೆ ಸಿಗುವುದಿಲ್ಲ.

ಅದಕ್ಕೆ ಅವರ ದಾರಿ ಸೂಜಿಯದು, ದಳ್ಳಾಳಿಯ ಸೂಜಿಯಲ್ಲ. ಹಲ್ಲು ಕೀಳುವಾಗ ಒಸಡು ಮರಗಟ್ಟಿಸುತ್ತಾರಲ್ಲ, ಅಂಥದು. ಕಾಲನ್ನು ಕೆಳಗಿನಿಂದ ಮೇಲಕ್ಕೆ ತುಂಡು ತುಂಡಾಗಿ ಮರಗಟ್ಟಿಸುತ್ತ, ಪ್ರತಿ ಸಲ ಕಾದು ಓಡಿಸಿ ನೋಡುವುದು. ಎಲ್ಲಿ ಮರಗಟ್ಟಿಸಿದಾಗ ಕುಂಟು ಹೋಯಿತೋ ಅಲ್ಲಿ ನೋವು. ಗೊರಸಿಗೆ ಹೋಗಲಿಲ್ಲ. ಅದರ ಮೇಲಿನ ಗೆಣ್ಣಿಗೆ ಹೋಗಲಿಲ್ಲ. ಮಧ್ಯಾಹ್ನ ಮೀರಿತು. ಹಿಮ್ಮಡಿ ಗೆಣ್ಣಿನ ಕೆಳಭಾಗದ ಪುಟ್ಟ ಕೀಲುಗಳಿಗೆ ಹಾಕಿದಾಗ ಎಡಗಾಲಿನ ಕುಂಟು ಹೋಯಿತು. ನಾನು ಕೈಮುಗಿಯುವಷ್ಟರಲ್ಲಿ ಡಾಕ್ಟರಮ್ಮ "ತಾಳಿ, ಈಗ ಬಲಗಾಲು ನೋಡಿ" ಎಂದರು. ಬಲಗಾಲು ಕುಂಟುತ್ತಿತ್ತು!

ಎರಡರಲ್ಲೂ ನೋವಿತ್ತು. ಎಡಗಾಲಿನ ಹೆಚ್ಚಿನ ನೋವು ಬಲಗಾಲಿನದನ್ನು ಮುಚ್ಚಿಟ್ಟಿತ್ತು. ಒಂದು ದಿನ ಇದು, ಒಂದು ದಿನ ಅದು ಎನ್ನಿಸುತ್ತಿದ್ದುದು ಅದಕ್ಕೇ. ಅವರು ಗೊರಸಿನ ತುದಿ ಎತ್ತಿ ತೋರಿಸಿದರು. ಎರಡೂ ಹಿಂಗಾಲಿನ ಲಾಳ ಮುಂದುಗಡೆ ಕಾಗದದ ಹಾಗೆ ಸವೆದಿತ್ತು. "ಕಾಲು ಪೂರ್ತಿ ಎತ್ತದೆ ಎಳೀತಾಳೆ. ಮನೇಲಿ ಯಾರೂ ಗಮನಿಸ್ಲಿಲ್ವಾ?" ಮನೆಯಾಕೆ ಗಮನಿಸಿದ್ದಳು. ಸಾರಿಸಿದ ಅಂಗಳದಲ್ಲಿ ಎರಡು ಸಾಲು ಗೀರು ಬರೆದಿಟ್ಟಿದ್ದನ್ನು ಓದಲಾರದೆ ಹೋದವನು ಅಕ್ಷರ ಬಲ್ಲ ನಾನು.

ರೋಗದ ಸಂಗತಿ ಇಷ್ಟು. ಹಿಮ್ಮಡಿ ಗೆಣ್ಣು ಒಂದೇ ಮೂಳೆಯಲ್ಲ, ಇಟ್ಟಿಗೆ ಪೇರಿಸಿದಂತೆ ಸಣ್ಣ ಮೂಳೆಗಳು. ಮಡಚುವ ಕೆಲಸವೆಲ್ಲ ಹೆಚ್ಚುಕಡಿಮೆ ಮೇಲಿನ ದೊಡ್ಡ ಕೀಲಿನದು. ಕೆಳಗಿನ ಪುಟ್ಟ ಕೀಲುಗಳು ಅಲುಗುವುದು ಅತ್ಯಲ್ಪ, ಭಾರದ ಪೆಟ್ಟು ಮಾತ್ರ ತಿನ್ನುತ್ತವೆ. ಅಲ್ಲಿಯ ಮೆತ್ತೆ ಸವೆದು ಮೂಳೆಗೆ ಮೂಳೆ ತಾಗುತ್ತದೆ. ಮೊದಮೊದಲು ಎಕ್ಸ್‌ರೇಯಲ್ಲಿ ಹೆಚ್ಚೇನೂ ಕಾಣದೆಯೂ ನೋವಿರಬಹುದು. ಮಲ್ಲಿಯ ಗೆಣ್ಣಿನ ಎಕ್ಸ್‌ರೇಯಲ್ಲಿ ಆಗಲೇ ಅಂಚು ಮಸುಕಾಗಿತ್ತು. "ತಮಟೆ ಸದ್ದು ಕೇಳಿದ್ರೆ ಏನ್ಮಾಡ್ತಾಳೆ?" ಎಂದು ಕೇಳಿದರು. ಹಿಂಗಾಲ ಮೇಲೆ ಎದ್ದು ಕುಣಿಯಲು ಹೋಗುತ್ತಾಳೆ ಎಂದೆ. ಮೆರವಣಿಗೆಯಲ್ಲಿ ಕುಣಿಸಲು ಪಳಗಿಸಿದ ಕುದುರೆ ಇರಬೇಕು, ಡಾಂಬರು ರಸ್ತೆಯಲ್ಲಿ ಅಷ್ಟು ಭಾರ ಹಿಂದಿನ ಗೆಣ್ಣಿಗೆ ಒಳ್ಳೆಯದಲ್ಲ ಎಂದರು. ಮದುವೆ ಮಾಡುವ ಓದುಗರು ಬೇಸರ ಮಾಡಿಕೊಳ್ಳಬಾರದು.

ಪೂರ್ತಿ ಗುಣವಾಗುವ ಮಾತಿಲ್ಲ. ಆದರೆ ಒಂದು ವಿಚಿತ್ರವಿದೆ: ಆ ಪುಟ್ಟ ಕೀಲುಗಳು ವರ್ಷಗಟ್ಟಲೆ ಸವೆದು ಕೊನೆಗೆ ಒಂದಕ್ಕೊಂದು ಬೆಸೆದುಕೊಂಡುಬಿಟ್ಟರೆ ಬಹಳ ಸಲ ನೋವು ನಿಲ್ಲುತ್ತದೆ. ಹೇಗೂ ಅಲುಗದ ಕೀಲು, ಬೆಸೆದರೆ ನಷ್ಟವಿಲ್ಲ. ಆ ತನಕ ದಾಟಿಸಬೇಕು. ಕಟ್ಟಿಹಾಕಬಾರದು, ಹಗುರವಾಗಿ ದಿನಾ ನಡೆಸಬೇಕು. ಕೀಲಿನೊಳಕ್ಕೆ ಒಂದು ಸಲ ಸ್ಟೀರಾಯ್ಡ್ ಸೂಜಿ ಕೊಟ್ಟರು, ಕೆಲವು ತಿಂಗಳು ಹಗುರವಾಯಿತು. ನೋವಿನ ಮದ್ದು ತೀರ ಕಷ್ಟದ ದಿನಗಳಿಗೆ, ಡಾಕ್ಟರು ಹೇಳಿದ ಅಳತೆಯಲ್ಲಿ ಮಾತ್ರ, ಯಾಕೆಂದರೆ ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಸಾಬರಿಗೆ ಚೀಟಿ ಬರೆದುಕೊಟ್ಟರು: ಗೊರಸಿನ ಮುಂತುದಿ ಗಿಡ್ಡ ಮಾಡಿ, ಲಾಳದ ಮೂತಿ ಉರುಟು ಮಾಡಿ ಕಟ್ಟಬೇಕು, ಕಾಲು ಸುಲಭವಾಗಿ ಮಗುಚುತ್ತದೆ. ಸಾಬರು ಅದನ್ನು ಎರಡು ಸಲ ಓದಿಸಿಕೊಂಡು, "ಹಂಗಾದ್ರೆ ಇವಳು ನನ್ನ ಮೇಲೆ ಕೋಪದಿಂದ ಒದೀತಿರಲಿಲ್ಲ" ಎಂದರು. ಅಂದಿನಿಂದ ಹಿಂಗಾಲನ್ನು ಎತ್ತರಕ್ಕೆ ಎತ್ತದೆ, ತಾವೇ ನೆಲಕ್ಕೆ ಕುಕ್ಕರಿಸಿ, ನಡುನಡುವೆ ಕಾಲು ಇಳಿಸಲು ಬಿಟ್ಟು ಕೆಲಸ ಮಾಡುತ್ತಾರೆ. ಒದ್ದಿಲ್ಲ.

ನಮ್ಮ ಮನೆಯ ಕ್ರಮವೂ ಬದಲಾಯಿತು. ಹುರುಳಿ ಕಡಿಮೆ, ಹುಲ್ಲು ಹೆಚ್ಚು. ರಾತ್ರಿಯೂ ಕಟ್ಟದೆ ಬೇಲಿಯೊಳಗೆ ಬಿಡುವುದು. ಸವಾರಿಗೆ ಮುಂಚೆ ಕಾಲು ಗಂಟೆ ಕೈಯಲ್ಲಿ ಹಿಡಿದು ನಡೆಸುವುದು. ಸಣ್ಣ ಸುತ್ತು ತಿರುಗಿಸುವುದಿಲ್ಲ, ಇಳಿಜಾರು ಬಂದರೆ ನಾನು ಇಳಿದು ಜೊತೆಗೆ ನಡೆಯುತ್ತೇನೆ. ಎದುರು ಸಿಕ್ಕವರು "ಕುದುರೆ ಇಟ್ಟುಕೊಂಡು ನಡೀತಾನಲ್ಲ" ಎಂದು ನಗುತ್ತಾರೆ. ಒಂದು ಹಳೆಯ ಪಂಚಾಂಗದ ಹಿಂಬದಿಯಲ್ಲಿ ದಿನಾ ಬರೆದಿಡುವ ಅಭ್ಯಾಸವಾಯಿತು: ಚಳಿಯೋ ಬಿಸಿಲೋ, ಎಷ್ಟು ಹೆಜ್ಜೆಗೆ ಬಿಗಿತ ಬಿಟ್ಟಿತು, ಯಾವ ಕಾಲು. ಡಾಕ್ಟರಿಗೆ ನನ್ನ ಮಾತಿಗಿಂತ ಆ ಪಂಚಾಂಗದ ಮೇಲೆ ನಂಬಿಕೆ. ಹಿಂದೆ ಕುದುರೆ ವೈದ್ಯಕ್ಕೆ ಶಾಲಿಹೋತ್ರನ ಹೆಸರು ಹೇಳುತ್ತಿದ್ದರು. ಅವನ ಹೆಸರಿನಿಂದಲೇ ಸೈನ್ಯದ ಕುದುರೆ ವೈದ್ಯರಿಗೆ ಸಾಲೋತ್ರಿ ಎಂಬ ಹೆಸರು ಬಂತು. ಅಂಥವರು ನಮ್ಮ ಊರಿಗೆ ಬರುವುದಿಲ್ಲ, ಪಂಚಾಂಗವೇ ನಮ್ಮ ಸಾಲೋತ್ರಿ.

2022ರಲ್ಲಿ ನಮ್ಮ ತಾಲ್ಲೂಕು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ವರ್ಷ, ಪಂಚಾಂಗದಲ್ಲಿ ಬಿಗಿತದ ಹೆಜ್ಜೆ ಮೂವತ್ತರಿಂದ ಹನ್ನೆರಡಕ್ಕೆ ಇಳಿದಿತ್ತು. ಎಡಗಾಲು ಬೆಸೆದುಕೊಂಡಿರಬೇಕು ಎಂದರು. ಬಲಗಾಲಿನದು ಇನ್ನೂ ನಡೆದಿದೆ.

ಹೋದ ಮಾಗಿಯಲ್ಲಿ ಒಬ್ಬರು ವ್ಯಾಪಾರಿ ಬಂದರು, ಪಾವಗಡ ಕಡೆಯವರು. ಹೊಲದಲ್ಲಿ ಮಧ್ಯಾಹ್ನ ಮಲ್ಲಿಯನ್ನು ಕಂಡು ಮನಸೋತಿದ್ದರು. ಮಗನಿಗೆ ಸವಾರಿ ಕಲಿಸಲು ಬೇಕಂತೆ. ಬೆಲೆ ನಾನು ಕೊಟ್ಟದ್ದಕ್ಕಿಂತ ಹೆಚ್ಚೇ ಹೇಳಿದರು. "ಈಗ ಬೇಡಣ್ಣ, ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ. ನಾನು ಬಾಗಿಲು ತೆಗೆಯೋ ಮುಂಚೆ ಬನ್ನಿ" ಎಂದೆ. ಮಂಜು ಬಿದ್ದಿತ್ತು, ಮಫ್ಲರು ಸುತ್ತಿಕೊಂಡು ಬಂದರು. ಬೇಲಿ ತೆಗೆದು ಬಿಟ್ಟೆ. ಅವರು ಮಾತಾಡದೆ ಹೆಜ್ಜೆ ಎಣಿಸಿದರು, ನಾನೂ ಎಣಿಸಿದೆ. ಹದಿನಾಲ್ಕನೆಯದಕ್ಕೆ ಬಿಗಿತ ಬಿಟ್ಟಿತು. ಪಂಚಾಂಗವನ್ನೂ ತೋರಿಸಿದೆ. ಪುಟ ಮಗುಚಿ ನೋಡಿದರು, ಬೆಲೆಯ ಮಾತೆತ್ತಲಿಲ್ಲ, ಕಾಫಿ ಕುಡಿದು ಹೊರಟರು. ಬೈಕು ಹತ್ತುವಾಗ, "ಅಣ್ಣ, ನಮ್ಮ ಮನೇಲಿ ಒಂದು ಎತ್ತು ಐತೆ, ಹಿಂಗೇ ಬೆಳಿಗ್ಗೆ ಕಾಲೆಳೀತೈತೆ. ಆ ಡಾಕ್ಟರಮ್ಮ ಎತ್ತೂ ನೋಡ್ತಾರಾ?" ಎಂದರು.

ನೋಡುತ್ತಾರೆ ಎಂದೆ. ಮನೆಯಾಕೆ ಸಗಣಿ ಬಕೀಟು ಹಿಡಿದು ಬಂದು, ಮಲ್ಲಿಯನ್ನು ಆಚೆಗೆ ಕಳಿಸಿ, ಅಂಗಳ ಸಾರಿಸತೊಡಗಿದಳು.